ನಲವತ್ತೆರಡನೆಯ ವಾಲ್ವು

ನಕ್ಷೆಯ ಮೇಲೆ ನಲವತ್ತೊಂದು ಕೆಂಪು ಚುಕ್ಕೆಗಳಿದ್ದವು. ನೀರಣ್ಣ ಅವನ್ನು ಮೂರನೆಯ ಸಲ ಎಣಿಸುತ್ತಿದ್ದ. ಎಣಿಸುವ ಅಗತ್ಯವೇನೂ ಇರಲಿಲ್ಲ. ಬೀದಿ ಬೀದಿ ಸುತ್ತಿಸಿ, ಇಲ್ಲೊಂದು ವಾಲ್ವು, ಅಲ್ಲೊಂದು ವಾಲ್ವು ಎಂದು ಎಂಜಿನಿಯರ್‌ಗೆ ತೋರಿಸಿ ಆ ಚುಕ್ಕೆಗಳನ್ನು ಇಡಿಸಿದವನೇ ಅವನು. ಆದರೂ ಎಣಿಸುತ್ತಿದ್ದ. ಎಲ್ಲೋ ಒಂದು ಕಡೆ ನಲವತ್ತೆರಡನೆಯ ಚುಕ್ಕೆ ತಾನಾಗಿ ಮೂಡಿಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನ್ನಿಸುತ್ತಿತ್ತು. ಮೂಡಿರಲಿಲ್ಲ. ನೀರಿನ ಸಮಿತಿಯ ಕೋಣೆಯಲ್ಲಿ ಏಳು ಕುರ್ಚಿಗಳಿದ್ದವು. ಐದರಲ್ಲಿ ಸಮಿತಿಯವರು, ಒಂದರಲ್ಲಿ ಎಂಜಿನಿಯರ್, ಏಳನೆಯದು ಖಾಲಿ. ನೀರಣ್ಣ ಎಂದಿನಂತೆ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದ. ಕೂತುಕೊಳ್ಳಿ ಎಂದು ಅಧ್ಯಕ್ಷರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು, ಇರಲಿ ಬಿಡಿ ಎಂದು ಅವನು ಪ್ರತಿ ಸಭೆಯಲ್ಲೂ ಅನ್ನುತ್ತಿದ್ದ. ಊರವರು ಇದನ್ನು ವಿನಯ ಎಂದುಕೊಂಡಿದ್ದರು. ನಾಲ್ಕು ಜನರ ಮುಂದೆ ಕೂತರೆ ಯಾರಾದರೂ ಎಬ್ಬಿಸಿಬಿಟ್ಟಾರು ಎಂಬ ಹತ್ತೊಂಬತ್ತು ವರ್ಷದ ಹಳೆಯ ಹೆದರಿಕೆ ಅದು ಎಂದು ಅವನೊಬ್ಬನಿಗೇ ಗೊತ್ತಿತ್ತು.

ಇಪ್ಪತ್ತಾರು ವರ್ಷದಿಂದ ಊರಿಗೆ ನೀರು ಬಿಡುವ ಕೆಲಸ ಅವನದು. ನಿಜವಾದ ಹೆಸರು ಕಚೇರಿಯ ಕಡತದಲ್ಲಿ ಮಾತ್ರ ಉಳಿದಿತ್ತು. ಮಕ್ಕಳಿಗೂ ಮುದುಕರಿಗೂ ಅವನು ನೀರಣ್ಣ. ಗುಡ್ಡದ ಮೇಲಿನ ಟ್ಯಾಂಕಿನಿಂದ ಇಳಿಯುವ ನೀರನ್ನು ಬೀದಿಗಿಷ್ಟು ಹೊತ್ತು ಎಂದು ಸರದಿಯಂತೆ ಹಂಚಬೇಕು. ಎದೆಮಟ್ಟದ ಕಬ್ಬಿಣದ ಚಾವಿಯನ್ನು ಭುಜದ ಮೇಲೆ ಹೊತ್ತು ಹೋಗಿ, ರಸ್ತೆಯ ಗುಂಡಿಯ ಮುಚ್ಚಳ ಎತ್ತಿ, ಚಾವಿಯನ್ನು ಒಳಗಿನ ವಾಲ್ವಿನ ತಲೆಗೆ ಸಿಕ್ಕಿಸಿ, ಮೇಲಿನ ಅಡ್ಡಹಿಡಿಯನ್ನು ಎರಡು ಕೈಯಲ್ಲೂ ಹಿಡಿದು ಗುಂಡಿಯ ಸುತ್ತ ನಡೆಯಬೇಕು. ನಾವು ಒಂದು ಸುತ್ತು ನಡೆದರೆ ವಾಲ್ವು ಒಂದು ಸುತ್ತು. ಶಾಲೆಯ ಮುಂದಿನದು ಹದಿನೆಂಟು ಸುತ್ತಿಗೆ ಪೂರ್ತಿ ತೆರೆಯುತ್ತದೆ, ಆಸ್ಪತ್ರೆಯ ಹಿಂದಿನದು ಇಪ್ಪತ್ತೆರಡಕ್ಕೆ, ಬಸ್ ನಿಲ್ದಾಣದ್ದು ಹದಿನಾರೂವರೆಗೆ. ಸುತ್ತಿನ ಲೆಕ್ಕದಲ್ಲಿ ಹುಟ್ಟಿದಾಗಿನಿಂದ ತಪ್ಪಿದವನಲ್ಲ ಎಂಬುದು ಅವನ ಒಂದೇ ಒಂದು ಜಂಭ. ಮದುವೆಯಾಗಿ ಎಷ್ಟು ವರ್ಷವಾಯಿತು ಎಂದು ಕೇಳಿದರೆ ತಡವರಿಸುವ ಗಂಡ, ಬಸ್ ನಿಲ್ದಾಣದ ಅರ್ಧ ಸುತ್ತನ್ನು ನಿದ್ದೆಯಲ್ಲೂ ಹೇಳುತ್ತಾನಲ್ಲ ಎಂದು ಹೆಂಡತಿ ಬಂದವರೆದುರೆಲ್ಲ ಆಡಿಕೊಳ್ಳುತ್ತಿದ್ದಳು. ಅವಳು ಬೈಯುತ್ತಿದ್ದಾಳೆ ಎಂದು ತಿಳಿಯುವುದಕ್ಕೆ ಅವನಿಗೆ ಬಹಳ ದಿನ ಹಿಡಿದಿತ್ತು. ಅಲ್ಲಿಯವರೆಗೂ ಹೊಗಳಿಕೆ ಎಂದೇ ತಿಳಿದು ತಲೆದೂಗುತ್ತಿದ್ದ.

ಎರಡು ತಿಂಗಳ ಹಿಂದೆ ಹೊಸ ಯೋಜನೆ ಹೊತ್ತು ಎಂಜಿನಿಯರ್ ಬಂದಾಗ ಆ ಜಂಭ ಇನ್ನಷ್ಟು ಉಬ್ಬಿತ್ತು. ಅವನ ದೊಡ್ಡ ಮಗಳಿಗಿಂತ ಚಿಕ್ಕವಳು, ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುವ ಹುಡುಗಿ. ಹೊಸ ಶುದ್ಧೀಕರಣ ಘಟಕ, ಹೊಸ ಪೈಪು, ಬೆರಳಲ್ಲಿ ಒತ್ತಿದರೆ ತೆರೆದುಕೊಳ್ಳುವ ಮೋಟಾರಿನ ವಾಲ್ವುಗಳು. ಎಲ್ಲದಕ್ಕೂ ಮೊದಲು ನೆಲದ ಕೆಳಗೆ ಏನಿದೆ ಎಂದು ಗೊತ್ತಾಗಬೇಕು, ಅದು ಯಾವ ಕಾಗದದಲ್ಲೂ ಇಲ್ಲ, ನಿಮ್ಮ ತಲೆಯೊಳಗಿದೆ, ಅದನ್ನೆಲ್ಲ ಇಳಿಸಿಕೊಡಿ ಎಂದು ಅವಳು ಕೇಳಿದ್ದಳು. ತಲೆಯೊಳಗೆ ಏನೋ ಇದೆ ಎಂದು ಅವನಿಗೆ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ. ಹದಿನೈದು ದಿನ ಅವಳ ಮುಂದೆ ಮುಂದೆ ನಡೆದ. ಕಸದ ರಾಶಿಯ ಕೆಳಗಿದ್ದ ವಾಲ್ವನ್ನೂ, ಕ್ಷೌರದಂಗಡಿಯ ಮೆಟ್ಟಿಲ ಕೆಳಗೆ ಸೇರಿಹೋಗಿದ್ದ ವಾಲ್ವನ್ನೂ ಕಾಲಿನಿಂದ ತಟ್ಟಿ ತೋರಿಸಿದ. ಕೊನೆಗೆ ಏರುಬೀದಿಗೆ ಬಂದಾಗ ಅವಳು ನಿಂತು, ಇಲ್ಲಿ ಕವಲು ಒಡೆಯುವ ಕಡೆ ಒಂದು ವಾಲ್ವು ಇರಲೇಬೇಕಲ್ಲ ಎಂದಳು. ಇಲ್ಲ ಮೇಡಂ, ಹಳಬರು ಹಾಕಿಲ್ಲ ಎಂದ. ಹಳಬರು ಸತ್ತು ಹೋಗಿದ್ದರು, ಪಾಪ, ಎದ್ದು ಬಂದು ಜಗಳವಾಡುವಂತಿರಲಿಲ್ಲ. ಆ ಮಾತು ಆಡುವಾಗ ಅವನು ಸರಿಯಾಗಿ ಆ ವಾಲ್ವಿನ ಮೇಲೇ ನಿಂತಿದ್ದ. ಅಂಗಾಲು ಸುಟ್ಟಂತಾಗಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಚಪ್ಪಲಿಯಲ್ಲಿ ಕಲ್ಲು ಸೇರಿತು ಎಂದು ಸುಳ್ಳಿನ ಮೇಲೊಂದು ಸುಳ್ಳು ಸೇರಿಸಿದ.

ಈಗ ನಕ್ಷೆಯ ಮೇಲೆ ಅವಳ ಪೆನ್ಸಿಲ್ ಏರುಬೀದಿಗೇ ಬಂದು ನಿಂತಿತ್ತು. ಇಷ್ಟು ವರ್ಷವಾದರೂ ಈ ಒಂದು ಬೀದಿಗೆ ಮಾತ್ರ ನೀರು ನೂಲಿನಂತೆ ಬರುತ್ತಿದೆ, ಮೊದಲ ಮಹಡಿಗೆ ಹತ್ತುವುದೇ ಇಲ್ಲ, ವಾಲ್ವೂ ಇಲ್ಲವೆಂದ ಮೇಲೆ ಎತ್ತರದ್ದೇ ತೊಂದರೆ ಇರಬೇಕು, ಆದ್ದರಿಂದ ನೀರನ್ನು ಮೇಲಕ್ಕೆ ತಳ್ಳುವ ಪಂಪು ಕೂರಿಸುವುದು ಎಂದು ಅವಳು ಸಮಿತಿಗೆ ವಿವರಿಸುತ್ತಿದ್ದಳು. ಪಂಪಿಗೊಂದು ಕೋಣೆ ಬೇಕು. ಬೀದಿಯಲ್ಲಿ ಖಾಲಿ ಜಾಗ ಇರುವುದು ಒಂದೇ, ಹೊಲಿಗೆಯಮ್ಮನ ಮನೆಯ ಮುಂದಿನ ಅಂಗಳ. ಅವರು ಒಪ್ಪಿ ಸಹಿ ಹಾಕಿದ್ದಾರೆ. ಅಗೆಯುವ ಯಂತ್ರ ಬೆಳಿಗ್ಗೆಯೇ ಹೋಗಿ ನಿಂತಿದೆ, ಊಟದ ಹೊತ್ತಿಗೆ ಪಾಯ ತೋಡುವುದು ಶುರು. ಅಧ್ಯಕ್ಷರು ಒಳ್ಳೆಯದು ಒಳ್ಳೆಯದು ಎಂದರು. ಹೊಲಿಗೆಯಮ್ಮ ಎಂದರೆ ನೀರಣ್ಣನ ಅಕ್ಕ. ಭಾವ ತೀರಿಕೊಂಡ ಆರು ವರ್ಷದಿಂದ ಮಹಡಿಯ ಕಿಟಕಿಯ ಬೆಳಕಿಗೆ ಹೊಲಿಗೆ ಯಂತ್ರ ಇಟ್ಟುಕೊಂಡು, ಊರಿನ ಅರ್ಧ ಜನರ ಬಟ್ಟೆ ಹೊಲಿದು ಬದುಕುತ್ತಿದ್ದಳು. ಅವಳ ಕಣ್ಣಿಗೆ ದೀಪದ ಬೆಳಕು ಆಗಿಬರುತ್ತಿರಲಿಲ್ಲ, ಆ ಕಿಟಕಿಯೊಂದೇ ಅವಳ ಅನ್ನ. ನಕ್ಷೆಯ ಅಂಚಿನಲ್ಲಿ ಪಂಪಿನ ಕೋಣೆಯ ಎತ್ತರ ಬರೆದಿತ್ತು. ಅದನ್ನು ಓದಿ, ಕಿಟಕಿಯ ಎತ್ತರ ನೆನಸಿಕೊಂಡು, ಎರಡನ್ನೂ ಮನಸ್ಸಿನಲ್ಲೇ ಪಕ್ಕಪಕ್ಕ ನಿಲ್ಲಿಸಿ ನೋಡಿದ. ಗೋಡೆ ಕಿಟಕಿಯನ್ನು ಪೂರ್ತಿ ನುಂಗುತ್ತಿತ್ತು. ಸಹಿ ಹಾಕಿಸಿಕೊಂಡವರು ಅದನ್ನು ಅವಳಿಗೆ ಹೇಳಿರಲಾರರು.

ಹತ್ತೊಂಬತ್ತು ವರ್ಷದ ಹಿಂದೆ ಒಂದು ದಿನ ಅವನು ಅದೇ ಅಕ್ಕನ ಮನೆಗೆ ಬಿಳಿಯ ಹೊಸ ಶರ್ಟು ಹಾಕಿಕೊಂಡು ಹೋಗಿದ್ದ. ಭಾವನಿಗೆ ಹೆಡ್ ಕ್ಲಾರ್ಕ್ ಆಗಿ ಬಡ್ತಿ ಸಿಕ್ಕಿದ ಊಟ, ಮೇಜಿನ ಸುತ್ತ ಕಚೇರಿಯ ದೊಡ್ಡವರು, ನಡುವೆ ಇವನಿಗೂ ಒಂದು ಕುರ್ಚಿ. ಎರಡು ತುತ್ತು ತಿಂದಿದ್ದನೋ ಇಲ್ಲವೋ, ಬಚ್ಚಲಲ್ಲಿ ನಲ್ಲಿ ಸೋರುತ್ತಿದೆ ಎಂದು ಯಾರೋ ಹೇಳಿದರು. ಅದಕ್ಕೇನಂತೆ, ನೀರಿನ ಇಲಾಖೆಯೇ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದೆಯಲ್ಲ ಎಂದು ಭಾವ ಇವನ ಬೆನ್ನು ತಟ್ಟಿ ಎಬ್ಬಿಸಿದ. ಇವನೂ ನಗುತ್ತಲೇ ಎದ್ದ; ಆ ನಗುವನ್ನು ನೆನೆದರೆ ಇವತ್ತಿಗೂ ಮೈ ಮುದುಡುತ್ತದೆ. ನಲ್ಲಿಯ ತಲೆ ಕೈಗೇ ಕಿತ್ತು ಬಂದು, ನೀರು ಎದೆಗೆ ಚಿಮ್ಮಿ, ಹೊಸ ಶರ್ಟು ಮೈಗೆ ಅಂಟಿಕೊಂಡು, ಹೇಗೋ ಬಟ್ಟೆ ತುರುಕಿ ನಿಲ್ಲಿಸಿ ಈಚೆ ಬಂದರೆ ಅವನ ಕುರ್ಚಿಯಲ್ಲಿ ತಡವಾಗಿ ಬಂದ ಯಾರೋ ಒಬ್ಬರು ಕೂತು ಉಣ್ಣುತ್ತಿದ್ದರು. ನಲ್ಲಿ ನಿಲ್ಲಿಸೋಕೆ ಹೋದವನು ತಾನೇ ಸೋರ್ತಾ ಬಂದ ನೋಡಿ ಎಂದ ಭಾವ. ಮೇಜು ಮೇಜೇ ನಕ್ಕಿತು. ನಗಲಿ, ಅವರು ಹೊರಗಿನವರು. ಬಡಿಸುವ ಪಾತ್ರೆ ಹಿಡಿದು ನಿಂತಿದ್ದ ಅಕ್ಕನೂ ನಕ್ಕಳು. ಇದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ, ತನಗೂ ಅಷ್ಟಾಗಿ ಹೇಳಿಕೊಂಡಿರಲಿಲ್ಲ. ಮಾರನೆಯ ದಿನ ತಾನು ಮಾಡಿದ್ದು ಭಾವನ ಮೇಲಿನ ಸಿಟ್ಟಿಗೆ ಎಂದೇ ಹತ್ತೊಂಬತ್ತು ವರ್ಷ ಅಂದುಕೊಂಡು ಬಂದಿದ್ದ. ಸತ್ತವನ ತಲೆಗೆ ಕಟ್ಟುವುದು ಸುಲಭವಾಗಿತ್ತು.

ಮಾರನೆಯ ದಿನ ಮಧ್ಯಾಹ್ನ ಬೀದಿ ಖಾಲಿ ಇದ್ದಾಗ ಚಾವಿ ಹೊತ್ತು ಏರುಬೀದಿಗೆ ಹೋದ. ಅದು ಒಂಬತ್ತು ಸುತ್ತಿನ ಚಿಕ್ಕ ವಾಲ್ವು ಎಂದು ಹಳಬರು ಹೇಳಿದ್ದರು; ಸದಾ ತೆರೆದೇ ಇರುತ್ತಿದ್ದರಿಂದ ಅವನು ಅದುವರೆಗೆ ಅದನ್ನು ಮುಟ್ಟಿರಲಿಲ್ಲ. ಮೂರು ಸುತ್ತು ಮುಚ್ಚಿದ. ಪೂರ್ತಿ ಮುಚ್ಚುವಷ್ಟು ಎದೆಗಾರಿಕೆ ಇರಲಿಲ್ಲ. ಸೇಡು ತೀರಿಸಿಕೊಳ್ಳುವುದರಲ್ಲೂ ಅವನದು ಮೂರನೆಯ ಒಂದು ಪಾಲು. ಒಂದು ವಾರ ಬಿಟ್ಟು ಮತ್ತೆ ತೆರೆದುಬಿಡೋಣ ಎಂದುಕೊಂಡಿದ್ದ. ಚಾವಿ ಎಷ್ಟು ಹಗುರವಾಗಿ ತಿರುಗಿತೆಂದರೆ, ನ್ಯಾಯ ತನ್ನ ಕಡೆ ಇದೆ ಎಂದು ಆ ಕ್ಷಣದಲ್ಲಿ ಅವನಿಗೆ ಅನ್ನಿಸಿತು. ವಾರದೊಳಗೆ ಭಾವ ಬಂದು ನೀರು ಸರಿಯಾಗಿ ಬರುತ್ತಿಲ್ಲ, ಏನು ಮಾಡುತ್ತಿದ್ದೀಯ ನೀನು ಎಂದು ಗದರಿಸಿದಾಗ ಒಳಗೊಳಗೇ ಬೀಗಿದ. ಇನ್ನೂ ಒಂದು ವಾರ ಇರಲಿ ಎಂದುಕೊಂಡ. ಆ ವಾರ ರಸ್ತೆ ಅಗಲ ಮಾಡುವವರು ಬಂದರು, ಗುಂಡಿಯ ಮುಚ್ಚಳದ ಮೇಲೆ ಜಲ್ಲಿ ಸುರಿದರು, ಡಾಂಬರು ಸುರಿದರು. ನೀರಣ್ಣ ಟೀ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದ. ಇಲ್ಲೊಂದು ವಾಲ್ವಿದೆ ಕಣ್ರೋ ಎನ್ನುವುದಕ್ಕೆ ಬಾಯಿ ತೆರೆದ. ತೆರೆದರೆ ಮುಚ್ಚಳ ಎತ್ತುತ್ತಾರೆ, ಎತ್ತಿದರೆ ಮೂರು ಸುತ್ತು ಯಾಕೆ ಮುಚ್ಚಿದೆ ಎಂದು ಕೇಳುತ್ತಾರೆ. ತೆರೆದ ಬಾಯಿಗೆ ಟೀ ಸುರಿದುಕೊಂಡ. ನಾಲಿಗೆ ಸುಟ್ಟು ಎರಡು ದಿನ ರುಚಿ ಗೊತ್ತಾಗಲಿಲ್ಲ.

ಆಮೇಲೆ ಪ್ರಾಯಶ್ಚಿತ್ತ ಶುರುವಾಯಿತು, ಅದೂ ಅವನ ಅಳತೆಯದೇ. ಸರದಿಯಲ್ಲಿ ಏರುಬೀದಿಗೆ ಕಾಲು ಗಂಟೆ ಹೆಚ್ಚು ನೀರು ಬಿಟ್ಟ. ಹೆಚ್ಚು ಬಿಟ್ಟರೂ ನೂಲು ನೂಲೇ. ಪ್ರತಿ ಶುಕ್ರವಾರ ಅಕ್ಕನ ಮನೆಗೆ ಹೋಗಿ ಅಂಗಳದ ತೊಟ್ಟಿಯಿಂದ ಹದಿನೇಳು ಮೆಟ್ಟಿಲು ಹತ್ತಿ ಆರು ಕೊಡ ನೀರು ಮೇಲೆ ಹಾಕಿದ. ಎಂಥ ತಮ್ಮ ಎಂದು ಬೀದಿಯ ಹೆಂಗಸರು ತಮ್ಮ ತಮ್ಮ ಮನೆಯ ಗಂಡಸರಿಗೆ ಕೇಳಿಸುವಂತೆ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಕೊಡದ ನೀರು ಬೆನ್ನ ಮೇಲೆ ಚೆಲ್ಲುತ್ತಿತ್ತು. ಉಳಿದ ಆರು ದಿನ ಅಕ್ಕನೇ ಹೊರುತ್ತಿದ್ದಳು. ಎರಡು ವರ್ಷದ ಹಿಂದೆ ಅವಳ ಮಂಡಿಯ ಶಸ್ತ್ರಚಿಕಿತ್ಸೆಯಾದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಹದಿನೇಳು ಮೆಟ್ಟಿಲನ್ನು ಕೊಡಗಳಿಂದ, ಕೊಡಗಳನ್ನು ವರ್ಷಗಳಿಂದ ಗುಣಿಸಿ, ಬಂದ ಸಂಖ್ಯೆಗೆ ಹೆದರಿ, ಕ್ಯಾಂಟೀನಿಗೆ ಹೋಗಿ ಎರಡು ಬನ್ನು ತಿಂದುಬಂದಿದ್ದ. ಒಂದು ಮಾತ್ರ ಅವನಿಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತಿತ್ತು. ಅವನು ಏದುಸಿರು ಬಿಡುತ್ತ ಹತ್ತಿ ಬಂದಾಗ, ಸಾಕು ಬಿಡೋ, ನಾನು ಹಾಕ್ಕೋತೀನಿ ಎಂದು ಬೇರೆ ಯಾವ ಅಕ್ಕನಾದರೂ ಒಂದು ಸಲ ಅನ್ನುತ್ತಿದ್ದಳು. ಇವಳು ಅನ್ನುತ್ತಿರಲಿಲ್ಲ. ಹೊಲಿಗೆಯಿಂದ ತಲೆ ಎತ್ತಿ ನೋಡಿ, ಮತ್ತೆ ಹೊಲಿಯುತ್ತಿದ್ದಳು.

ಇವತ್ತೂ ಶುಕ್ರವಾರ. ಏನಾದರೂ ಪ್ರಶ್ನೆ ಇದ್ದರೆ ಕೇಳಿ ಎಂದು ಎಂಜಿನಿಯರ್ ನಕ್ಷೆ ಸುತ್ತತೊಡಗಿದ್ದಳು. ಸಮಿತಿಯ ಒಬ್ಬ ಸದಸ್ಯ ಹೊಸ ಘಟಕದ ಗೇಟಿಗೆ ಯಾವ ಬಣ್ಣ ಎಂದು ಕೇಳಿದ. ನೀಲಿ ಎಂದಳು. ಹಸಿರು ಚೆನ್ನಾಗಿರುತ್ತದೆ ಎಂದು ಇನ್ನೊಬ್ಬ ಅಂದ. ಈ ನೀಲಿ ಹಸಿರಿನ ನಡುವೆ ನೀರಣ್ಣ ತನ್ನ ಮಾತನ್ನು ಹೊಂದಿಸಿಕೊಳ್ಳುತ್ತಿದ್ದ. ಒಂದು ಅತಿಯಾಯಿತು, ಇನ್ನೊಂದು ನಾಟಕದಂತಾಯಿತು. ಕಣ್ಣಲ್ಲಿ ನೀರು ಬಂದರೆ ಒಳ್ಳೆಯದೋ ಬಾರದಿದ್ದರೆ ಒಳ್ಳೆಯದೋ ತಿಳಿಯಲಿಲ್ಲ. ಕೆಲಸ ಹೋಗುತ್ತದೆ, ಹೋಗಲಿ. ಹೆಂಡತಿ ಅಳುತ್ತಾಳೆ, ಇಲ್ಲ, ಅವಳು ನಗುತ್ತಾಳೆ, ಅದೇ ಕಷ್ಟ. ಸುಮ್ಮನಿದ್ದರೆ? ಕೋಣೆ ಏಳುತ್ತದೆ, ಬೀದಿಗೆ ನೀರು ಬರುತ್ತದೆ, ಎಲ್ಲರೂ ಖುಷಿ. ಅಕ್ಕ ಮಾತ್ರ ಕತ್ತಲಲ್ಲಿ ಸೂಜಿಗೆ ದಾರ ಹುಡುಕುತ್ತಾಳೆ. ಮೊದಲು ಮಂಡಿ, ಈಗ ಕಣ್ಣು. ಅವನು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.

"ಮೇಡಂ, ಅಲ್ಲೊಂದು ವಾಲ್ವಿದೆ" ಎಂದ.

ಬಣ್ಣದ ಚರ್ಚೆ ನಿಂತಿತು. ಎಲ್ಲಿ ಎಂದು ಅವಳು ಕೇಳಿದಳು.

"ಏರುಬೀದೀಲಿ. ಡಾಂಬರಿನ ಕೆಳಗೆ, ಒಂಬತ್ತು ಸುತ್ತಿಂದು. ಹತ್ತೊಂಬತ್ತು ವರ್ಷದ ಹಿಂದೆ ನಾನೇ ಮೂರು ಸುತ್ತು ಮುಚ್ಚಿದ್ದೆ. ಬೇಕು ಅಂತಲೇ ಮುಚ್ಚಿದ್ದು. ಭಾವನ ಮೇಲೆ ಸಿಟ್ಟಿತ್ತು."

ಗುಡುಗೋ ಸಿಡಿಲೋ ಬೀಳುತ್ತದೆ ಎಂದು ಕಾದ. ಒಬ್ಬ ಸದಸ್ಯ ಬೆರಳು ಮಡಿಸಿ ಲೆಕ್ಕ ಹಾಕಿ, ಆಗ ತಾನು ಸಮಿತಿಯಲ್ಲಿ ಇರಲಿಲ್ಲ ಎಂದು ಎಲ್ಲರಿಗೂ ತಿಳಿಸಿದ. ಇದನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಕೇ ಎಂದು ಕಾರ್ಯದರ್ಶಿ ಕೇಳಿದ. ಅಧ್ಯಕ್ಷರು ಸ್ವಲ್ಪ ಯೋಚಿಸಿ, ಹಳೆಯ ವಾಲ್ವೊಂದು ಪತ್ತೆಯಾಗಿದೆ ಅಂತ ಬರೆದುಕೊಳ್ಳಿ ಎಂದರು. ಅಷ್ಟೇ. ಹತ್ತೊಂಬತ್ತು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡು ಸಾಕಿದ್ದ ಪಾಪ ಒಂದೇ ಸಾಲಿಗೆ ಮುಗಿಯಿತು, ಅದರಲ್ಲಿ ಅವನ ಹೆಸರೂ ಇರಲಿಲ್ಲ. ಎಂಜಿನಿಯರ್ ಒಬ್ಬಳೇ ಗಂಭೀರವಾಗಿದ್ದಳು. ಆದರೆ ಅವಳ ಗಾಂಭೀರ್ಯವೂ ಬೇರೆಯ ಕಾರಣಕ್ಕೆ. ಒಂಬತ್ತರಲ್ಲಿ ಮೂರು ಸುತ್ತು ಮುಚ್ಚಿದರೆ ಇಷ್ಟೊಂದು ನೀರು ಕಡಿಮೆಯಾಗಬಾರದಲ್ಲ, ನೀವು ಮಾಡಿದ್ದರಿಂದಲೇ ಇಷ್ಟೆಲ್ಲ ಆಗಿರಲಾರದು ಎಂದಳು. ನೀರಣ್ಣನಿಗೆ ಒಳಗೆಲ್ಲೋ ಚುಚ್ಚಿತು. ಆಗುತ್ತೆ ಮೇಡಂ, ಅದು ಹಳೇ ವಾಲ್ವು, ಚೆನ್ನಾಗಿ ಆಗುತ್ತೆ ಎಂದು ತನ್ನ ತಪ್ಪಿನ ಪರವಾಗಿ ತಾನೇ ವಾದಕ್ಕೆ ನಿಂತ.

ಯಂತ್ರ ಹೇಗೂ ಅಲ್ಲೇ ಇತ್ತು. ಪಾಯ ತೋಡುವ ಬದಲು ಡಾಂಬರು ಕೀಳುವುದೆಂದಾಯಿತು. ದೀಪದ ಕಂಬದಿಂದ ಒಂಬತ್ತು ಹೆಜ್ಜೆ, ಅಕ್ಕನ ಗೇಟಿನಿಂದ ನಾಲ್ಕು. ಅವನು ಕಾಲಿಟ್ಟು ತೋರಿಸಿದ ಕಡೆಯೇ ಮುಚ್ಚಳ ಸಿಕ್ಕಿತು. ಆಹಾ, ಕಂಡೀರಾ ಎನ್ನುವಂತೆ ಅವನು ಸುತ್ತ ನೋಡಿದ, ಆಮೇಲೆ ತಾನು ಇಲ್ಲಿ ಯಾವ ಪಾತ್ರದಲ್ಲಿ ನಿಂತಿದ್ದೇನೆ ಎಂಬುದು ನೆನಪಾಗಿ ತಲೆ ತಗ್ಗಿಸಿದ. ಬೀದಿಯವರು ಬಾಗಿಲುಗಳಲ್ಲಿ ಬಂದು ನಿಂತಿದ್ದರು. ತೆರೆಯುವ ಹಕ್ಕು ತನ್ನದೇ ಎಂದು ಯಾರೂ ಕೇಳದೆಯೇ ಚಾವಿಯನ್ನು ಗುಂಡಿಗೆ ಇಳಿಸಿ, ಅಡ್ಡಹಿಡಿ ಹಿಡಿದು ನಡೆಯತೊಡಗಿದ. ಒಂದು. ಎರಡು. ಮೂರು. ಇಲ್ಲಿಗೆ ವಾಲ್ವು ಪೂರ್ತಿ ತೆರೆದು ಕೈಗೆ ತಡೆ ಸಿಗಬೇಕು, ನೀರು ಭೋರೆನ್ನಬೇಕು, ಹತ್ತೊಂಬತ್ತು ವರ್ಷ ಇಲ್ಲಿ ಮುಗಿಯಬೇಕು. ತಡೆ ಸಿಗಲಿಲ್ಲ. ನಾಲ್ಕು. ಐದು. ಚಾವಿ ಅಂದಿನಂತೆಯೇ ಹಗುರವಾಗಿ ತಿರುಗುತ್ತಿತ್ತು. ಒಂಬತ್ತಾಯಿತು, ಹದಿನಾಲ್ಕಾಯಿತು. ನೆಲ ನೋಡುತ್ತ, ಬೆವರುತ್ತ ಅವನು ಸುತ್ತುತ್ತಲೇ ಇದ್ದ. ಇಪ್ಪತ್ತರ ಹೊತ್ತಿಗೆ ಬಾಗಿಲೊಂದರಲ್ಲಿ ಯಾರೋ ಕಿಸಕ್ಕೆಂದರು. ಎಂಜಿನಿಯರ್ ಬಂದು ಅವನ ತೋಳು ಹಿಡಿದು ನಿಲ್ಲಿಸಿದಳು.

ವಾಲ್ವನ್ನು ಕತ್ತರಿಸಿ ಮೇಲೆ ತೆಗೆದು ಅಂಗಳದ ಕಲ್ಲಿನ ಮೇಲಿಟ್ಟು ಬಿಚ್ಚಿದರು. ಚಾವಿ ತಿರುಗಿಸುವ ಮೇಲಿನ ಕಡ್ಡಿಗೂ ನೀರು ತಡೆಯುವ ಒಳಗಿನ ತಟ್ಟೆಗೂ ಸಂಬಂಧವೇ ಇರಲಿಲ್ಲ. ಕಡ್ಡಿ ನಡುವೆ ಮುರಿದಿತ್ತು. ಮುರಿದ ತುದಿ ಸವೆದು ನುಣುಪಾಗಿತ್ತು, ಮೂವತ್ತು ವರ್ಷದ ಹಿಂದಿನ ಮುರಿತ ಎಂದಳು ಎಂಜಿನಿಯರ್. ತಟ್ಟೆ ಮೇಲ್ಗಡೆ ತುಕ್ಕಿನಲ್ಲಿ ಅಂಟಿಕೊಂಡು, ಪೂರ್ತಿ ತೆರೆದ ಸ್ಥಿತಿಯಲ್ಲೇ ಕೂತಿತ್ತು. ಅಂದು ಅವನು ಮೂರಲ್ಲ, ಮುನ್ನೂರು ಸುತ್ತು ತಿರುಗಿಸಿದ್ದರೂ ಒಂದು ಹನಿ ನೀರೂ ನಿಲ್ಲುತ್ತಿರಲಿಲ್ಲ. ತೊಂದರೆ ಇದ್ದದ್ದು ಪೈಪಿನಲ್ಲಿ, ಭಾವ ಅಂದು ದೂರಿದ್ದೂ ಅದಕ್ಕೇ. ಕತ್ತರಿಸಿದ ತುದಿಯನ್ನು ಅವಳು ಎತ್ತಿ ತೋರಿಸಿದಳು. ಒಳಗೆಲ್ಲ ತುಕ್ಕು ಗಂಟುಗಟ್ಟಿ, ನಡುವೆ ಒಂದು ಹೆಬ್ಬೆರಳು ತೂರುವಷ್ಟು ತೂತು ಉಳಿದಿತ್ತು. ಈ ಬೀದಿಯ ಪೈಪು ಬದಲಾಯಿಸಿದರೆ ಸಾಕು, ಪಂಪೂ ಬೇಡ, ಕೋಣೆಯೂ ಬೇಡ ಎಂದು ಹೇಳಿ ಅವಳು ಅಲ್ಲೇ ನಿಂತು ನಕ್ಷೆಯ ಮೇಲಿನ ಕೋಣೆಯನ್ನು ಅಳಿಸಿದಳು. ಆಮೇಲೆ ನಿಜವಾದ ಕುತೂಹಲದಿಂದ ಕೇಳಿದಳು:

"ನೀರಣ್ಣ, ಅವತ್ತು ತಿರುಗಿಸುವಾಗ ಕೈಗೆ ಭಾರನೇ ಸಿಗಲಿಲ್ವಾ? ನಿಮಗೆ ಗೊತ್ತಾಗಬೇಕಿತ್ತಲ್ಲ."

ಹಗುರವಾಗಿ ತಿರುಗಿದ್ದನ್ನು ನ್ಯಾಯ ಅಂದುಕೊಂಡೆ ಎಂದು ಯಾವ ಎಂಜಿನಿಯರ್ ಮುಂದೆ ಹೇಳುವುದು? ಆ ಹೊತ್ತಿಗೆ ಸುದ್ದಿ ಬಾಗಿಲಿಂದ ಬಾಗಿಲಿಗೆ ಹಬ್ಬಿ ಬೀದಿಯೆಲ್ಲ ನಗುತ್ತಿತ್ತು, ಕೆಟ್ಟದಾಗಿ ಅಲ್ಲ, ಪ್ರೀತಿಯಿಂದಲೇ. ಸಿಟ್ಟು ಮಾಡಿಕೊಂಡರೂ ಯಾರಿಗೂ ಏನೂ ಆಗದಂಥ ಮನುಷ್ಯ ಎಂದು ಅಧ್ಯಕ್ಷರು ಹೊಗಳಿದರು. ಯಂತ್ರದವನು ಮುರಿದ ಕಡ್ಡಿಯನ್ನು ನೆನಪಿಗೆ ಇಟ್ಟುಕೊಳ್ಳಿ ಎಂದು ಅವನ ಕೈಗೆ ಕೊಟ್ಟ. ನೀರಣ್ಣ ಎಲ್ಲರೊಡನೆ ನಕ್ಕ. ಬಿಳಿ ಶರ್ಟಿನ ದಿನ ನಕ್ಕ ನಗುವೇ ಅದು, ಏನೇನೂ ಬದಲಾಗಿರಲಿಲ್ಲ. ಆದರೆ ಜನ ಚದುರಿ, ಯಂತ್ರದ ಸದ್ದು ಅಡಗಿದ ಮೇಲೆ ಮೈಯೆಲ್ಲ ಹಗುರವಾಗತೊಡಗಿತು. ಅಕ್ಕನ ಮಂಡಿ ತನ್ನಿಂದ ಹೋದದ್ದಲ್ಲ. ಹದಿನೇಳು ಮೆಟ್ಟಿಲು ತನ್ನ ತಲೆಯ ಮೇಲಿಲ್ಲ. ತಾನು ಪಾಪ ಮಾಡಲು ಹೋಗಿ ಅದನ್ನೂ ಕೆಡಿಸಿಕೊಂಡ ಬೆಪ್ಪ, ಅಷ್ಟೇ. ಬೆಪ್ಪನಾಗಿರುವುದು ಇಷ್ಟು ಸುಖ ಎಂದು ಅವನಿಗೆ ಗೊತ್ತಿರಲಿಲ್ಲ.

ಸಂಜೆಯ ಬಿಸಿಲು ಇನ್ನೂ ಇತ್ತು. ಶುಕ್ರವಾರದ ಲೆಕ್ಕದಂತೆ ತೊಟ್ಟಿಯಿಂದ ಕೊಡ ತುಂಬಿಕೊಂಡು ಮೇಲೆ ಹತ್ತಿದ. ಅಕ್ಕ ಕಿಟಕಿಯ ಬಳಿ ಯಾರದೋ ಶಾಲೆಯ ಅಂಗಿಗೆ ಕಾಲರು ಹಚ್ಚುತ್ತಿದ್ದಳು. ಮೊದಲ ಕೊಡ ಹಂಡೆಗೆ ಸುರಿದು, ಕೆಳಗೆ ಏನಾಯಿತು ಗೊತ್ತಾ ಎಂದು ಶುರುಮಾಡಿದ. ಎರಡನೆಯ ಕೊಡಕ್ಕೆ ಸಭೆಯ ಕತೆ, ನಡಾವಳಿಯ ಕತೆ; ತನ್ನನ್ನು ತಾನೇ ಚೆನ್ನಾಗಿ ಗೇಲಿ ಮಾಡಿಕೊಂಡು ಹೇಳಿದ. ಮೂರನೆಯದಕ್ಕೆ ಮುರಿದ ಕಡ್ಡಿಯನ್ನು ಅವಳ ಯಂತ್ರದ ಪಕ್ಕದಲ್ಲಿಟ್ಟ. ಭಾವನ ಮೇಲಿನ ಸಿಟ್ಟು ಎಂದ, ಶರ್ಟಿನ ಕತೆ ಹೇಳಿದ, ಅವಳ ನಗುವನ್ನು ಮಾತ್ರ ಹಾರಿಸಿದ. ಅಕ್ಕ ಎಲ್ಲೂ ನಗಲಿಲ್ಲ. ನಾಲ್ಕನೆಯ ಕೊಡ ಸುರಿದು, ಬೆವರು ಒರೆಸಿಕೊಳ್ಳುತ್ತ, ಎದುರಿನ ಕುರ್ಚಿಯಲ್ಲಿ ಮೊದಲ ಸಲ ಹಾಯಾಗಿ ಕೂತು, "ಒಟ್ಟಿನಲ್ಲಿ ಏನೂ ಆಗಿರಲೇ ಇಲ್ಲ ಕಣೇ ಅಕ್ಕ. ಮೂರು ಸುತ್ತು ತಿರುಗಿಸಿದ್ದೂ ದಂಡ" ಎಂದ.

ಅಕ್ಕ ಯಂತ್ರ ನಿಲ್ಲಿಸಿದಳು. ಹಲ್ಲಿನಲ್ಲಿ ದಾರ ಕಡಿದಳು.

"ಮೂರಲ್ಲ, ನಾಲ್ಕು" ಎಂದಳು.

ಅವನಿಗೆ ಅರ್ಥವಾಗಲಿಲ್ಲ.

"ನಾನು ಇಲ್ಲೇ ನಿಂತಿದ್ದೆ. ಹಿಂದಿನ ದಿನ ನಕ್ಕಿದ್ದು ತಪ್ಪಾಯ್ತು ಅಂತ ನಿನ್ನ ಹತ್ರ ಹೇಳಬೇಕು ಅಂತಿದ್ದೆ, ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ. ಅಷ್ಟರಲ್ಲಿ ನೀನು ಬರೋದು ಕಾಣಿಸ್ತು. ನಮ್ಮನೆಗೇ ಬರ್ತಿದೀಯ ಅಂತ ಬಾಗಿಲ ಚಿಲಕ ತೆಗೆದಿಟ್ಟು ಬಂದೆ." ಅವಳು ಕಾಲರಿನ ಅಂಚನ್ನು ಉಗುರಿನಿಂದ ನೀವುತ್ತಿದ್ದಳು. "ನೀನು ಸುತ್ತೋಕೆ ಶುರು ಮಾಡಿದೆ. ಸುತ್ತಿ ಬರುವಾಗ ಪ್ರತಿ ಸಲ ನಿನ್ನ ಮುಖ ಈ ಕಿಟಕಿ ಕಡೆ ತಿರುಗೋದು. ಈಗ ನೋಡ್ತಾನೆ, ಈಗ ನೋಡ್ತಾನೆ ಅಂತ ನಾನು ಎಣಿಸ್ತಾ ನಿಂತೆ. ನಾಲ್ಕು ಸಲ ತಿರುಗಿತು. ಒಂದು ಸಲನೂ ತಲೆ ಎತ್ತಲಿಲ್ಲ ನೀನು. ಎತ್ತಿದ್ರೆ ಕರೀತಿದ್ದೆ."

ಗೊತ್ತಿದ್ದೂ ಯಾಕೆ ಕೇಳಲಿಲ್ಲ ಎಂದು ಅವನು ಹೇಗೋ ಕೇಳಿದ. ಶುಕ್ರವಾರ ಶುಕ್ರವಾರ ಬರ್ತಿದ್ದೆಯಲ್ಲ, ಇವತ್ತು ಹೇಳ್ತಾನೆ, ಇವತ್ತು ಹೇಳ್ತಾನೆ ಅಂತ ಕಾಯ್ತಿದ್ದೆ ಎಂದಳು. ನೀನು ನೋಡಿದ್ರೆ ಕೊಡ ಸುರಿದು ಹೋಗಿಬಿಡ್ತಿದ್ದೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಯಂತ್ರದ ಪಕ್ಕದಲ್ಲಿ ಮುರಿದ ಕಡ್ಡಿ ಬಿದ್ದಿತ್ತು. ಅದು ಅವನಿಗೆ ಸಿಕ್ಕಿದ್ದ ಸಾಕ್ಷಿ, ಬೀದಿಯೆಲ್ಲ ಒಪ್ಪಿದ್ದ ಸಾಕ್ಷಿ, ಈ ಕೋಣೆಯಲ್ಲಿ ಮಾತ್ರ ಅದಕ್ಕೆ ಬೆಲೆಯಿರಲಿಲ್ಲ. ಅವನು ಒಳಗೇ ಮತ್ತೆ ಆ ಮಧ್ಯಾಹ್ನಕ್ಕೆ ಹೋಗಿ ಗುಂಡಿಯ ಸುತ್ತ ನಡೆದು ನೋಡಿದ. ಒಂದು, ಎರಡು, ಮೂರು. ಮೂರರ ಮೇಲೆ ನಿಂತು, ಚಾವಿ ಎತ್ತುವ ಮುಂಚೆ, ಅವಳ ನಗು ನೆನಪಾಗಿ, ಹಲ್ಲು ಕಚ್ಚಿ ಇನ್ನೊಂದು. ಹೌದು, ಇನ್ನೊಂದು. ಭಾವನಿಗೆ ಮೂರು, ಅಕ್ಕನಿಗೆ ಒಂದು. ಆ ಒಂದನ್ನು ಅವನ ಲೆಕ್ಕ ಯಾವಾಗಲೋ ಸದ್ದಿಲ್ಲದೆ ನುಂಗಿಹಾಕಿತ್ತು. ಜನ್ಮದಲ್ಲಿ ಸುತ್ತು ತಪ್ಪಿದವನಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ ಮನುಷ್ಯ.

"ನಿನ್ನ ಮೇಲೆ ಸಿಟ್ಟಿತ್ತು ಕಣೇ, ಭಾವನ ಮೇಲಲ್ಲ. ನೀನು ನಕ್ಕೆಯಲ್ಲ" ಎಂದ. ದನಿ ಹತ್ತೊಂಬತ್ತು ವರ್ಷ ಚಿಕ್ಕವನದಾಗಿ ಹೊರಟಿತು.

"ಗೊತ್ತು" ಎಂದಳು ಅಕ್ಕ.

ಕೂತಿರಲಾಗಲಿಲ್ಲ. ಖಾಲಿ ಕೊಡ ಎತ್ತಿಕೊಂಡು ಮೆಟ್ಟಿಲಿಳಿದ. ಮನೆಗೆ ಹೋಗಿಬಿಡೋಣ ಎಂದು ಗೇಟು ದಾಟಿ ಬೀದಿಗೆ ಬಂದೂ ಬಿಟ್ಟ, ಕೈಯಲ್ಲಿ ಅಕ್ಕನ ಕೊಡ ಇದೆ ಎಂಬುದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಗಮನಕ್ಕೆ ಬಂತು. ನಿಂತದ್ದು ಗುಂಡಿಯ ಅಂಚಿನಲ್ಲಿ. ಕೆಳಗೆ ಕತ್ತರಿಸಿದ ಪೈಪಿನ ಎರಡು ಬಾಯಿ, ನಡುವೆ ಕೆಸರು. ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದು, ಕುತ್ತಿಗೆ ನೋಯತೊಡಗಿದಾಗ, ನಿಧಾನವಾಗಿ ತಲೆ ಎತ್ತಿ ಕಿಟಕಿಯತ್ತ ನೋಡಿದ.

ಅಕ್ಕ ಅಲ್ಲೇ ನಿಂತಿದ್ದಳು.

"ನಾಲ್ಕಾಯ್ತು" ಎಂದು ಮೇಲಿನಿಂದ ಹೇಳಿದಳು. "ಇನ್ನೂ ಎರಡು ಕೊಡ ಇದೆ. ಬಾ."